ಡೆರಿವೇಟಿವ್: ಕೊನೆಯ ಕ್ರಿಯೆ ನೋಡಿ, ಮೊದಲ ನಿಯಮ ಹಿಡಿಯಿರಿ

ಸಂಪಾದಕರಿಗೆ,

ಮಾನ್ಯರೇ,

ಪರೀಕ್ಷೆ ಹತ್ತಿರ ಬಂತೆಂದರೆ ಪತ್ರಿಕೆಗಳ ವಿದ್ಯಾರ್ಥಿ ಪುಟದಲ್ಲಿ ಡೆರಿವೇಟಿವ್ (ಎಕ್ಸ್ ಬದಲಾದಂತೆ ಫಂಕ್ಷನ್‌ನ ಬೆಲೆ ಬದಲಾಗುವ ವೇಗ) ಸೂತ್ರಗಳ ಪಟ್ಟಿ ಬರುತ್ತದೆ. ಎರಡು ಕಾಲಂ, ಮೂವತ್ತು ಚಿಲ್ಲರೆ ಸೂತ್ರ, ಕತ್ತರಿಸಿ ಗೋಡೆಗೆ ಅಂಟಿಸಲು ಹೇಳಿ ಮಾಡಿಸಿದಂತೆ. ಪಟ್ಟಿಯಲ್ಲಿ ತಪ್ಪೇನೂ ಇರುವುದಿಲ್ಲ. ಆದರೆ ಪಿಯು ಉತ್ತರಪತ್ರಿಕೆಗಳಲ್ಲಿ ಅಂಕ ಸೋರುವುದು ಸೂತ್ರ ಮರೆತದ್ದರಿಂದಲ್ಲ. ಸೂತ್ರ ಬಾಯಿಪಾಠ ಇರುವವರೇ ಯಾವುದನ್ನು ಮೊದಲು ಬಳಸಬೇಕೆಂದು ತಿಳಿಯದೆ ಎಡವುತ್ತಾರೆ. ಅದನ್ನು ತೀರ್ಮಾನಿಸಲು ಒಂದೇ ಪ್ರಶ್ನೆ ಸಾಕು. ಪಟ್ಟಿಗಳಲ್ಲಿ ಆ ಪ್ರಶ್ನೆಗೆ ಜಾಗವಿಲ್ಲ ಎಂಬ ಕಾರಣಕ್ಕೆ ಈ ಪತ್ರ.

ಎಕ್ಸ್ ಇರುವ ಕಡೆ ಒಂದು ಸಂಖ್ಯೆ ಇಟ್ಟು ಲೆಕ್ಕ ಹಾಕುತ್ತಾ ಹೋದರೆ ಕಟ್ಟಕಡೆಗೆ ಮಾಡುವ ಕ್ರಿಯೆ ಯಾವುದು? ಕೊನೆಗೆ ಗುಣಿಸುವುದಾದರೆ ಮೊದಲು ಪ್ರಾಡಕ್ಟ್ ರೂಲ್. ಕೊನೆಗೆ ಭಾಗಿಸುವುದಾದರೆ ಮೊದಲು ಕೋಷೆಂಟ್ ರೂಲ್. ಕೂಡುವುದೋ ಕಳೆಯುವುದೋ ಆದರೆ ಪದಗಳನ್ನು ಬಿಡಿಬಿಡಿಯಾಗಿ ತೆಗೆದುಕೊಳ್ಳಬಹುದು. ಬ್ರ್ಯಾಕೆಟ್ಟಿನ ಇಡೀ ಗಂಟಿಗೆ ಘಾತ ಏರಿಸುವುದು, ಅದರ ಸೈನ್ ಅಥವಾ ವರ್ಗಮೂಲ ತೆಗೆಯುವುದು ಕೊನೆಯ ಕೆಲಸವಾದರೆ ಮೊದಲು ಚೈನ್ ರೂಲ್, ಅಂದರೆ ಹೊರಗಿನಿಂದ ಒಳಕ್ಕೆ ಇಳಿಯುವ ನಿಯಮ. ಒಂದೊಂದು ನಿಯಮದ ವಿವರ ಮುಂದೆ ಇದೆ.

ಎಕ್ಸ್² × ಸೈನ್ 3ಎಕ್ಸ್ ತೆಗೆದುಕೊಳ್ಳಿ. ಇಲ್ಲಿ ವರ್ಗ ಮಾಡಿ, 3ರಿಂದ ಗುಣಿಸಿ, ಸೈನ್ ತೆಗೆದು, ಕೊನೆಗೆ ಎರಡನ್ನೂ ಗುಣಿಸುತ್ತೇವೆ. ಹಾಗಾಗಿ ಪ್ರಾಡಕ್ಟ್ ರೂಲ್ ಮೊದಲು. ಚೈನ್ ರೂಲ್ ಬರುವುದು ಸೈನ್ 3ಎಕ್ಸ್‌ನ ಸರದಿ ಬಂದಾಗ. ಉತ್ತರ: 2ಎಕ್ಸ್ ಸೈನ್ 3ಎಕ್ಸ್ + 3ಎಕ್ಸ್² ಕಾಸ್ 3ಎಕ್ಸ್. ಈಗ (ಎಕ್ಸ್ ಸೈನ್ ಎಕ್ಸ್)⁵ ನೋಡಿ. ಇಲ್ಲಿ ಗುಣಾಕಾರ ಒಳಗೇ ಮುಗಿದುಹೋಗಿದೆ, ಕೊನೆಯ ಕ್ರಿಯೆ ಐದನೇ ಘಾತ. ಚೈನ್ ರೂಲ್ ಮೊದಲು, ಪ್ರಾಡಕ್ಟ್ ರೂಲ್ ಆಮೇಲೆ: 5(ಎಕ್ಸ್ ಸೈನ್ ಎಕ್ಸ್)⁴ × (ಸೈನ್ ಎಕ್ಸ್ + ಎಕ್ಸ್ ಕಾಸ್ ಎಕ್ಸ್). ಎರಡಕ್ಕೂ ಬೇಕಾದ ನಿಯಮಗಳು ಅವೇ ಎರಡು, ಸರದಿ ಮಾತ್ರ ತಿರುವುಮುರುವು. ಸರದಿ ತಪ್ಪಿಸಿದವರು ಎರಡನೆಯದಕ್ಕೆ 5(ಸೈನ್ ಎಕ್ಸ್ + ಎಕ್ಸ್ ಕಾಸ್ ಎಕ್ಸ್)⁴ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ.

ಇನ್ನು ಒಂದೊಂದು ನಿಯಮದಲ್ಲಿ ಎಲ್ಲೆಲ್ಲಿ ಜಾರುತ್ತಾರೆ, ಏಕೆ ಜಾರುತ್ತಾರೆ ಎಂಬುದು.

ಮೊದಲನೆಯದು ಪವರ್ ರೂಲ್: ಘಾತವನ್ನು ಮುಂದೆ ಇಳಿಸಿ, ಘಾತದಲ್ಲಿ ಒಂದು ಕಳೆಯುವುದು. ಇದು ಹುಟ್ಟುವ ಜಾಗವನ್ನು ಒಮ್ಮೆಯಾದರೂ ಕೈಯಲ್ಲಿ ಬರೆದು ನೋಡಬೇಕು. ಎಕ್ಸ್²ರಲ್ಲಿ ಎಕ್ಸ್ ಅನ್ನು ಎಚ್‌ನಷ್ಟು ಸರಿಸಿ, ಬಂದ ವ್ಯತ್ಯಾಸವನ್ನು ಎಚ್‌ನಿಂದ ಭಾಗಿಸಿದರೆ 2ಎಕ್ಸ್ + ಎಚ್ ಉಳಿಯುತ್ತದೆ. ಎಕ್ಸ್ = 3 ಆದಾಗ ಎಚ್ 0.1 ಇದ್ದರೆ 6.1, 0.01 ಇದ್ದರೆ 6.01, 0.001 ಇದ್ದರೆ 6.001. ಹೋಗಿ ಸೇರುವುದು 6ಕ್ಕೆ. ಎಚ್‌ಗೆ ಸೊನ್ನೆ ಹಾಕುವುದು ಭಾಗಾಕಾರ ಮುಗಿದ ಮೇಲೆ. ಮೊದಲೇ ಹಾಕಿದರೆ ಸೊನ್ನೆಯನ್ನು ಸೊನ್ನೆಯಿಂದ ಭಾಗಿಸುವಂತಾಗಿ ಲೆಕ್ಕ ಅಲ್ಲೇ ನಿಲ್ಲುತ್ತದೆ. (ಎಕ್ಸ್ + ಎಚ್)² ಅನ್ನು ಎಕ್ಸ್² + ಎಚ್² ಎಂದು ಬಿಡಿಸುವವರು ಪಿಯುವಿನಲ್ಲೂ ಕಡಿಮೆ ಇಲ್ಲ. ಅವರಿಗೆ ನಡುವಿನ ಪದವೇ ಸಿಗುವುದಿಲ್ಲ, ಡೆರಿವೇಟಿವ್ ಸೊನ್ನೆ ಎಂದು ಬರುತ್ತದೆ. ಅದು ಕಲನಶಾಸ್ತ್ರದ ತೊಂದರೆಯಲ್ಲ, ಹೈಸ್ಕೂಲಿನ ಬೀಜಗಣಿತದ ಬಾಕಿ.

ಘಾತ ಋಣವಾದಾಗ ಇನ್ನೊಂದು ಜಾರುವಿಕೆ. 1/ಎಕ್ಸ್² ಎಂದರೆ ಎಕ್ಸ್⁻². ಘಾತವನ್ನು ಮುಂದೆ ಇಳಿಸಿ ಒಂದು ಕಳೆದರೆ ಬರುವುದು −2ಎಕ್ಸ್⁻³, ಅಂದರೆ −2/ಎಕ್ಸ್³. ಮೈನಸ್ ಎರಡರಿಂದ ಒಂದು ಕಳೆದರೆ ಮೈನಸ್ ಮೂರು. ಅಭ್ಯಾಸಬಲದಿಂದ ಕೈ ಮೈನಸ್ ಒಂದು ಎಂದು ಬರೆಯುತ್ತದೆ. ವರ್ಗಮೂಲ ಎಕ್ಸ್ ಎಂದರೆ ಘಾತ ಅರ್ಧ, ಅದರ ಡೆರಿವೇಟಿವ್ 1/(2√ಎಕ್ಸ್). ಪೈ²ಕ್ಕೆ 2ಪೈ ಎಂದು ಬರೆಯುವುದೂ ಇದೇ ಸಾಲಿನದು. ಪೈ ಒಂದು ಸಂಖ್ಯೆ, ಅದರ ವರ್ಗವೂ ಸಂಖ್ಯೆ, ಎಕ್ಸ್ ಎತ್ತ ಸರಿದರೂ ಅದು ಕದಲುವುದಿಲ್ಲ. ಡೆರಿವೇಟಿವ್ ಸೊನ್ನೆ.

ಪವರ್ ರೂಲ್ ನಡೆಯುವುದು ಎಕ್ಸ್ ಕೆಳಗೆ, ಸ್ಥಿರಸಂಖ್ಯೆ ಮೇಲೆ ಇದ್ದಾಗ ಮಾತ್ರ. 2ರ ಮೇಲೆ ಎಕ್ಸ್ ಘಾತವಾಗಿ ಕುಳಿತಿದ್ದರೆ ಆ ನಿಯಮ ಮುಟ್ಟುವಂತಿಲ್ಲ. ಅಲ್ಲಿ ಡೆರಿವೇಟಿವ್ ಅದೇ ಫಂಕ್ಷನ್ × ಲಾಗ್ 2 (ಆಧಾರ ಇ, ಸುಮಾರು 2.718), ಅಂದರೆ ಸುಮಾರು 0.693 ಪಟ್ಟು. ಎಕ್ಸ್ = 3 ಆದಾಗ ಸರಿಯುತ್ತರ 8 × 0.693, ಸುಮಾರು 5.54. ಪವರ್ ರೂಲ್ ತುರುಕಿದರೆ 3 × 4 = 12 ಬರುತ್ತದೆ, ಎರಡು ಪಟ್ಟಿಗಿಂತಲೂ ಹೆಚ್ಚು. ಎಕ್ಸ್‌ನ ಮೇಲೆ ಎಕ್ಸೇ ಘಾತವಾಗಿದ್ದರೆ ಎರಡು ನಿಯಮಗಳೂ ನೇರವಾಗಿ ನಡೆಯುವುದಿಲ್ಲ. ಎರಡೂ ಬದಿಗೆ ಲಾಗ್ ತೆಗೆದುಕೊಂಡೇ ಹೋಗಬೇಕು. ಆಗ ಸಿಗುವುದು ಅದೇ ಫಂಕ್ಷನ್ × (1 + ಲಾಗ್ ಎಕ್ಸ್).

ಕೂಡುವ ನಿಯಮದ ಬಗ್ಗೆ ಹೇಳುವುದು ಹೆಚ್ಚಿಲ್ಲ, ಅಲ್ಲಿ ಯಾರೂ ಎಡವುವುದಿಲ್ಲ. ಆದರೆ ಕೂಡುವುದರಲ್ಲಿ ನಡೆದದ್ದು ಗುಣಿಸುವುದರಲ್ಲೂ ನಡೆಯುತ್ತದೆ ಎಂದುಕೊಂಡಾಗ ಕಷ್ಟ ಶುರು. ಎಕ್ಸ್² × ಎಕ್ಸ್³ ಎಂದರೆ ಎಕ್ಸ್⁵, ಡೆರಿವೇಟಿವ್ 5ಎಕ್ಸ್⁴. ಎರಡರ ಡೆರಿವೇಟಿವ್ ಬೇರೆಬೇರೆ ತೆಗೆದು ಗುಣಿಸಿದರೆ 2ಎಕ್ಸ್ × 3ಎಕ್ಸ್² = 6ಎಕ್ಸ್³. ಘಾತವೇ ಕೂಡಿಬರುವುದಿಲ್ಲ. ಈ ತಪ್ಪಿಗೆ ಮಕ್ಕಳನ್ನು ಗದರುವವರು ಒಂದು ಮಾತು ತಿಳಿದಿರಲಿ: ಕಲನಶಾಸ್ತ್ರವನ್ನು ಕಟ್ಟಿದವರಲ್ಲಿ ಒಬ್ಬನಾದ ಲೈಬ್ನಿಟ್ಸ್ 1675ರ ನವೆಂಬರ್‌ನ ತನ್ನ ಟಿಪ್ಪಣಿಯಲ್ಲಿ ಇದೇ ಪ್ರಶ್ನೆ ಕೇಳಿಕೊಂಡು, ಉದಾಹರಣೆ ಹಾಕಿ ನೋಡಿ, ಹಾಗಾಗುವುದಿಲ್ಲ ಎಂದು ಕಂಡುಕೊಂಡ. ಸರಿಯಾದ ನಿಯಮಗಳನ್ನು ಅವನು ಅಚ್ಚಿಗೆ ಕೊಟ್ಟದ್ದು 1684ರಲ್ಲಿ.

ನಿಯಮ ಏಕೆ ಹಾಗಿದೆ ಎಂಬುದಕ್ಕೆ ಕಾಫಿ ಒಣಗಿಸುವ ಕಣ ಸಾಕು. 20 ಮೀಟರ್ ಉದ್ದ, 15 ಮೀಟರ್ ಅಗಲದ ಕಣವನ್ನು ಎರಡೂ ಕಡೆ 0.1 ಮೀಟರ್ ದೊಡ್ಡದು ಮಾಡಿದರೆ ಹೆಚ್ಚುವುದು ಎರಡು ಪಟ್ಟಿ, ಒಂದು ಮೂಲೆ. ಪಟ್ಟಿಗಳು 15 × 0.1 = 1.5 ಮತ್ತು 20 × 0.1 = 2 ಚದರ ಮೀಟರ್; ಮೂಲೆ 0.1 × 0.1 = 0.01. ಹಿಗ್ಗಿಸುವ ಅಳತೆಯನ್ನು ಹತ್ತರಲ್ಲೊಂದು ಪಾಲು ಮಾಡಿದರೆ ಪಟ್ಟಿಗಳೂ ಹತ್ತರಲ್ಲೊಂದಾಗುತ್ತವೆ, ಮೂಲೆ ಮಾತ್ರ ನೂರರಲ್ಲೊಂದಾಗುತ್ತದೆ. ಲಿಮಿಟ್‌ನಲ್ಲಿ, ಅಂದರೆ ಹಿಗ್ಗಿಸುವ ಅಳತೆ ಸೊನ್ನೆಯತ್ತ ಹೋದಂತೆ, ಅಳಿದುಹೋಗುವುದು ಆ ಮೂಲೆ. ಉದ್ದ ಯು, ಅಗಲ ವಿ, ಡೆರಿವೇಟಿವ್‌ಗೆ ′ ಗುರುತು ಎಂದಿಟ್ಟರೆ ಉಳಿದ ಎರಡು ಪಟ್ಟಿಗಳೇ ಯು′ವಿ + ಯುವಿ′, ಅದೇ ಪ್ರಾಡಕ್ಟ್ ರೂಲ್. ಡೆರಿವೇಟಿವ್‌ಗಳನ್ನು ಗುಣಿಸಿ ಬರೆಯುವವರು ಎರಡೂ ಪಟ್ಟಿ ಬಿಟ್ಟು ಮೂಲೆಯನ್ನು ಇಟ್ಟುಕೊಂಡಿರುತ್ತಾರೆ.

ಕೋಷೆಂಟ್ ರೂಲ್‌ಗೆ ನಾನಾ ಪದ್ಯ, ನಾನಾ ಉಪಾಯ ಹೇಳಿಕೊಡುತ್ತಾರೆ. ನಮಗೆ ಅವುಗಳಲ್ಲಿ ಅಷ್ಟು ನಂಬಿಕೆ ಇಲ್ಲ, ಪರೀಕ್ಷೆಯ ಗಾಬರಿಯಲ್ಲಿ ಪದ್ಯವೂ ತಿರುಗಿಬೀಳುತ್ತದೆ. ಅದಕ್ಕಿಂತ ನಿಯಮವನ್ನು ನಿಂತ ನಿಲುವಿನಲ್ಲಿ ಕಟ್ಟಿಕೊಳ್ಳುವುದು ಲೇಸು. ಭಾಗಲಬ್ಧ ಕ್ಯೂ ಎಂದಿರಲಿ: ಕ್ಯೂ × ವಿ = ಯು. ಪ್ರಾಡಕ್ಟ್ ರೂಲ್ ಬಳಸಿದರೆ ಕ್ಯೂ′ವಿ + ಕ್ಯೂವಿ′ = ಯು′. ಕ್ಯೂ′ ಒಂದನ್ನು ಬದಿಗೆ ತಂದು, ಕ್ಯೂ ಜಾಗದಲ್ಲಿ ಯು/ವಿ ಇಟ್ಟರೆ (ಯು′ವಿ − ಯುವಿ′)/ವಿ² ತಾನಾಗಿ ಬರುತ್ತದೆ. ಮೂರು ಸಾಲು. ಅಂಶದಲ್ಲಿ ಯಾವುದು ಮೊದಲು ಎಂಬ ಅನುಮಾನ ಬಂದರೆ 1/ಎಕ್ಸ್ ಹಾಕಿ ನೋಡಿ. ಎಕ್ಸ್ ಧನವಾಗಿದ್ದಾಗ ಅದು ಇಳಿಯುತ್ತಾ ಹೋಗುವ ಫಂಕ್ಷನ್, ಹಾಗಾಗಿ ಉತ್ತರ −1/ಎಕ್ಸ್² ಆಗಲೇಬೇಕು. ಪ್ಲಸ್ ಬಂದರೆ ನಿಮ್ಮ ಕ್ರಮ ಹಿಂದುಮುಂದಾಗಿದೆ.

ಇನ್ನೊಂದು ಮಾತು. ಛೇದದಲ್ಲಿ ಎಕ್ಸ್‌ನ ಒಂದೇ ಘಾತ, ಅಂಶದಲ್ಲೂ ಎಕ್ಸ್‌ನ ಘಾತಗಳೇ ಇದ್ದರೆ ಕೋಷೆಂಟ್ ರೂಲ್ ತೆಗೆಯಲೇಬೇಡಿ. (ಎಕ್ಸ್³ + 4ಎಕ್ಸ್)/ಎಕ್ಸ್² ಅನ್ನು ಭಾಗಿಸಿಬಿಟ್ಟರೆ ಎಕ್ಸ್ + 4/ಎಕ್ಸ್. ಡೆರಿವೇಟಿವ್ 1 − 4/ಎಕ್ಸ್², ಒಂದೇ ಸಾಲು. ಕೋಷೆಂಟ್ ರೂಲ್‌ನಲ್ಲಿ ಹೋದರೂ ಕೊನೆಗೆ ಇದೇ ಬರುತ್ತದೆ, ಆದರೆ ನಡುವೆ 3ಎಕ್ಸ್⁴ + 4ಎಕ್ಸ್² − 2ಎಕ್ಸ್⁴ − 8ಎಕ್ಸ್² ಎಂಬ ಅಂಶವನ್ನು ದಾಟಬೇಕು. ಮೈನಸ್ ಕಳೆದುಹೋಗುವುದು ಅಲ್ಲೇ: ಬ್ರ್ಯಾಕೆಟ್ ಹಾಕದೆ ಬಿಡಿಸಿದವರಿಗೆ ಕೊನೆಯ 8ಎಕ್ಸ್² ಪ್ಲಸ್ ಆಗಿಬಿಡುತ್ತದೆ. ಅಂಶದ ಒಂದು ಪದದಲ್ಲಿರುವ ವಿ ಅನ್ನು ಛೇದದ ವಿ² ಜೊತೆ ಹೊಡೆದುಹಾಕುವ ಚಾಳಿಯೂ ಇದೆ. ಎರಡೂ ಪದಗಳಲ್ಲಿ ಇದ್ದರೆ ಮಾತ್ರ ಹೊಡೆಯಬಹುದು.

ಈಗ ಚೈನ್ ರೂಲ್. ಇದರ ಅರ್ಥ ತಿಳಿಸಲು ಕೊಡಗಿನ ಪತ್ರಿಕೆಗಳು ಮಳೆಗಾಲದಲ್ಲಿ ದಿನಾ ಅಚ್ಚು ಹಾಕುವ ಹಾರಂಗಿ ಜಲಾಶಯದ ಅಂಕಿಗಳಿಗಿಂತ ಒಳ್ಳೆಯ ಪಾಠ ಬೇರೆ ಸಿಗದು. ಗರಿಷ್ಠ ಮಟ್ಟ 2859 ಅಡಿ, ಸಂಗ್ರಹ ಸಾಮರ್ಥ್ಯ 8.5 ಟಿಎಂಸಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು ಕ್ಯುಸೆಕ್, ಹೊರಹರಿವು ಇಷ್ಟು. ಒಳಹರಿವಿನಲ್ಲಿ ಹೊರಹರಿವು ಕಳೆದರೆ ಸಿಗುವುದು ಸಂಗ್ರಹ ಬದಲಾಗುವ ವೇಗ, ಅಂದರೆ ಕಾಲಕ್ಕೆ ಸಂಗ್ರಹದ ಡೆರಿವೇಟಿವ್. (ಆವಿ, ಇಂಗುವಿಕೆಯ ಲೆಕ್ಕ ಇಲ್ಲಿ ಬಿಟ್ಟಿದ್ದೇವೆ.) ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ದಿನಕ್ಕೆ 86,400 ಸೆಕೆಂಡು, ಒಂದು ಟಿಎಂಸಿ ಎಂದರೆ 100 ಕೋಟಿ ಘನ ಅಡಿ. ಹಾಗಾಗಿ 24 ಗಂಟೆ ಬಿಡದೆ ಸುಮಾರು 11,574 ಕ್ಯುಸೆಕ್ ನಿವ್ವಳ ಹರಿವು ಇದ್ದರೆ ಒಂದು ಟಿಎಂಸಿ ತುಂಬುತ್ತದೆ.

ಆದರೆ ಜನ ಕೇಳುವುದು ಟಿಎಂಸಿ ಅಲ್ಲ, ಮಟ್ಟ ಎಷ್ಟು ಅಡಿ ಏರಿತು ಎಂದು. ಮಟ್ಟ ಒಂದು ಅಡಿ ಏರಲು ಬೇಕಾಗುವ ನೀರು ಆ ಮಟ್ಟದಲ್ಲಿ ನೀರು ಹರಡಿಕೊಂಡಿರುವ ವಿಸ್ತೀರ್ಣವನ್ನು ಅವಲಂಬಿಸಿದೆ. ಸಂಗ್ರಹದ ವೇಗ = ವಿಸ್ತೀರ್ಣ × ಮಟ್ಟ ಏರುವ ವೇಗ. ಸಂಗ್ರಹ ಮಟ್ಟವನ್ನು ನೆಚ್ಚಿದೆ, ಮಟ್ಟ ಕಾಲವನ್ನು ನೆಚ್ಚಿದೆ; ಎರಡು ಡೆರಿವೇಟಿವ್‌ಗಳ ಗುಣಲಬ್ಧವೇ ಚೈನ್ ರೂಲ್. ಉದಾಹರಣೆಗಾಗಿ ಹಿಡಿದ ಅಂಕಿಗಳಲ್ಲಿ ಹೇಳುವುದಾದರೆ, ನಿವ್ವಳ ಹರಿವು 5,000 ಕ್ಯುಸೆಕ್ ಇದ್ದರೆ ದಿನಕ್ಕೆ 43.2 ಕೋಟಿ ಘನ ಅಡಿ ಸೇರುತ್ತದೆ. ನೀರು ತಳ ಹಿಡಿದು 10 ಕೋಟಿ ಚದರ ಅಡಿಯಷ್ಟೇ ಹರಡಿದ್ದಾಗ ಮಟ್ಟ ದಿನಕ್ಕೆ 4.32 ಅಡಿಯ ವೇಗದಲ್ಲಿ ಏರುತ್ತದೆ. 20 ಕೋಟಿ ಚದರ ಅಡಿಗೆ ಹರಡಿದ ಮೇಲೆ ಅದೇ ಹರಿವಿಗೆ ವೇಗ 2.16 ಅಡಿ. ಅದೇ ಮಳೆ, ಅದೇ ಒಳಹರಿವು. ಆದರೂ ತುಂಬುವ ಹೊತ್ತಿಗೆ ಮಟ್ಟ ನಿಧಾನವಾಗುವುದು ಇದಕ್ಕೇ. ಅಳತೆಯ ಮಾನಗಳನ್ನೂ ಜೊತೆಗೆ ಬರೆದರೆ ಗುಣಿಸಬೇಕೋ ಭಾಗಿಸಬೇಕೋ ಎಂಬ ಗೊಂದಲವೇ ಇರುವುದಿಲ್ಲ: ಘನ ಅಡಿಯನ್ನು ಚದರ ಅಡಿಯಿಂದ ಭಾಗಿಸಿದರೆ ಉಳಿಯುವುದು ಅಡಿ.

ಲೆಕ್ಕದ ಹಾಳೆಯಲ್ಲಿ ಇದೇ ನಿಯಮ: ಹೊರಗಿನದರ ಡೆರಿವೇಟಿವ್ ತೆಗೆಯಿರಿ, ಒಳಗಿನದನ್ನು ಮುಟ್ಟಬೇಡಿ, ಆಮೇಲೆ ಒಳಗಿನದರ ಡೆರಿವೇಟಿವ್‌ನಿಂದ ಗುಣಿಸಿ. (3ಎಕ್ಸ್² + 5)⁷ ಇದ್ದರೆ 7(3ಎಕ್ಸ್² + 5)⁶ × 6ಎಕ್ಸ್, ಅಂದರೆ 42ಎಕ್ಸ್(3ಎಕ್ಸ್² + 5)⁶. ತಪ್ಪು ಎರಡು ಬಗೆ. 6ಎಕ್ಸ್ ಅನ್ನೇ ಮರೆಯುವುದು ಒಂದು. ಅದನ್ನು ಒಳಗೆ ತುರುಕಿ 7(6ಎಕ್ಸ್)⁶ ಬರೆಯುವುದು ಇನ್ನೊಂದು. ಎರಡನ್ನೂ ಹಿಡಿಯಲು (ಎಕ್ಸ್²)³ ಒಂದೇ ಸಾಕು: ಉತ್ತರ 6ಎಕ್ಸ್⁵ ಎಂದು ಮೊದಲೇ ಗೊತ್ತು, ನಿಮ್ಮ ವಿಧಾನ ಅದನ್ನು ಕೊಡುತ್ತದೋ ಇಲ್ಲವೋ ನೋಡಿ. ಸೈನ್²ಎಕ್ಸ್ ಮತ್ತು ಸೈನ್(ಎಕ್ಸ್²) ಕಣ್ಣಿಗೆ ಒಂದೇ ಥರ ಕಂಡರೂ ಮೊದಲನೆಯದರಲ್ಲಿ ಕೊನೆಯ ಕ್ರಿಯೆ ವರ್ಗ, ಎರಡನೆಯದರಲ್ಲಿ ಸೈನ್. ಉತ್ತರಗಳು 2 ಸೈನ್ ಎಕ್ಸ್ ಕಾಸ್ ಎಕ್ಸ್ ಹಾಗೂ 2ಎಕ್ಸ್ ಕಾಸ್(ಎಕ್ಸ್²). ಮೂರು ಪದರ ಇದ್ದರೆ ಮೂರು ಸಲ ಇಳಿಯಬೇಕು: ಸೈನ್²5ಎಕ್ಸ್ ಕೊಡುವುದು 2 ಸೈನ್ 5ಎಕ್ಸ್ × ಕಾಸ್ 5ಎಕ್ಸ್ × 5. ಕೊನೆಯ ಆ 5 ಬಿಟ್ಟ ಉತ್ತರಪತ್ರಿಕೆಗಳಿಗೆ ಲೆಕ್ಕವಿಲ್ಲ. ಎಕ್ಸ್² + ವೈ² = 25 ಥರದ ಲೆಕ್ಕಗಳಲ್ಲಿ ವೈ²ಕ್ಕೆ 2ವೈ × ವೈ′ ಬರುವುದೂ ಚೈನ್ ರೂಲ್‌ನಿಂದಲೇ, ಬೇರೆ ನಿಯಮವೇನಲ್ಲ. ವೈ′ = −ಎಕ್ಸ್/ವೈ; (3, 4) ಬಿಂದುವಿನಲ್ಲಿ ಸ್ಪರ್ಶರೇಖೆಯ ಇಳಿಜಾರು −3/4.

ಸೈನ್‌ನ ಡೆರಿವೇಟಿವ್ ಕಾಸ್ ಎಂಬ ಮಾತು ಕೋನ ರೇಡಿಯನ್‌ನಲ್ಲಿದ್ದಾಗ ಮಾತ್ರ ನಿಜ. ಇಡೀ ನಿಯಮ ನಿಂತಿರುವುದು ಕೋನ ಸಣ್ಣದಾದಾಗ ಸೈನ್ ಎಚ್ / ಎಚ್ ಒಂದಕ್ಕೆ ಹೋಗುತ್ತದೆ ಎಂಬುದರ ಮೇಲೆ. ರೇಡಿಯನ್‌ನಲ್ಲಿ ಸೈನ್ 0.1 ಎಂದರೆ 0.09983, ಭಾಗಲಬ್ಧ 0.9983. ಕ್ಯಾಲ್ಕುಲೇಟರ್ ಡಿಗ್ರಿಯಲ್ಲಿದ್ದರೆ ಭಾಗಲಬ್ಧ 0.01745, ಅಂದರೆ ಪೈ/180. ಮನೆಯಲ್ಲಿ ಉತ್ತರ ತಾಳೆ ನೋಡುವಾಗ ಐವತ್ತೇಳು ಪಟ್ಟು ವ್ಯತ್ಯಾಸ ಕಂಡರೆ ಸೂತ್ರವನ್ನು ದೂರಬೇಡಿ, ಮೋಡ್ ನೋಡಿ. ಅಂದಹಾಗೆ, ಸೈನ್‌ನ ಸಣ್ಣ ಬದಲಾವಣೆ ಕಾಸ್‌ಗೆ ಅನುಗುಣವಾಗಿರುತ್ತದೆ ಎಂಬುದನ್ನು ಗ್ರಹಗಳ ತಾತ್ಕಾಲಿಕ ಗತಿಯ ಲೆಕ್ಕಕ್ಕೆ ಹನ್ನೆರಡನೇ ಶತಮಾನದಲ್ಲೇ ಭಾಸ್ಕರಾಚಾರ್ಯರು ಬಳಸಿದ್ದರು.

ಲಾಗ್ ವಿಷಯದಲ್ಲಿ ಗೊಂದಲ ಹುಟ್ಟುವುದು ಎರಡು ತರಗತಿಗಳ ನಡುವೆ. ಕಲನಶಾಸ್ತ್ರದ ಅಧ್ಯಾಯದಲ್ಲಿ ಲಾಗ್ ಎಂದರೆ ಆಧಾರ ಇ. ಭೌತಶಾಸ್ತ್ರ, ರಸಾಯನಶಾಸ್ತ್ರದ ಲಾಗ್ ಟೇಬಲ್‌ನಲ್ಲಿ ಆಧಾರ 10. ಡೆರಿವೇಟಿವ್ 1/ಎಕ್ಸ್ ಆಗುವುದು ಮೊದಲನೆಯದಕ್ಕೆ. ಎರಡನೆಯದಕ್ಕೆ ಅದನ್ನು 2.303ರಿಂದ ಭಾಗಿಸಬೇಕು. ಕ್ರಿಯಾವೇಗದ ಪಾಠದಲ್ಲಿ ಕಾಣುವ 2.303 ಇದೇ. ಲಾಗ್ 5ಎಕ್ಸ್‌ನ ಡೆರಿವೇಟಿವ್ ಕೂಡ 1/ಎಕ್ಸ್, 1/(5ಎಕ್ಸ್) ಅಲ್ಲ. ಲಾಗ್ 5ಎಕ್ಸ್ ಎಂದರೆ ಲಾಗ್ 5 + ಲಾಗ್ ಎಕ್ಸ್, ಮೊದಲ ಪದ ಬರೀ ಸಂಖ್ಯೆ.

ಬಂದ ಉತ್ತರ ಸರಿಯೇ ಎಂದು ಮನೆಯಲ್ಲಿ ಪರೀಕ್ಷಿಸಲು ಬಿಂದುವಿನ ಎರಡೂ ಕಡೆಯ ಬೆಲೆ ತೆಗೆದು, ವ್ಯತ್ಯಾಸವನ್ನು ನಡುವಿನ ದೂರದಿಂದ ಭಾಗಿಸಿ. ಎಕ್ಸ್³ಕ್ಕೆ ಎಕ್ಸ್ = 2ರಲ್ಲಿ: 2.01ರ ಘನ 8.120601, 1.99ರ ಘನ 7.880599, ವ್ಯತ್ಯಾಸ 0.240002, ಅದನ್ನು 0.02ರಿಂದ ಭಾಗಿಸಿದರೆ 12.0001. ಸೂತ್ರದ ಉತ್ತರ 12. ಒಂದೇ ಕಡೆ ಸರಿದು ನೋಡಿದರೆ 12.0601 ಬರುತ್ತದೆ, ಅಷ್ಟು ಬಿಗಿಯಲ್ಲ. ಎಚ್ಚರಿಕೆ ಒಂದಿದೆ: ಎಕ್ಸ್‌ನ ಮಾಡ್ಯುಲಸ್‌ಗೆ (ಚಿಹ್ನೆ ಬಿಟ್ಟ ಬೆಲೆಗೆ) ಸೊನ್ನೆಯಲ್ಲಿ ಈ ಪರೀಕ್ಷೆ ಸೊನ್ನೆ ಎಂದು ಉತ್ತರ ಕೊಡುತ್ತದೆ, ಆದರೆ ಅಲ್ಲಿ ಡೆರಿವೇಟಿವ್ ಇಲ್ಲವೇ ಇಲ್ಲ. ಎಡದಿಂದ ಬಂದರೆ −1, ಬಲದಿಂದ ಬಂದರೆ +1. ಮೂಲೆ ಇರುವ ಕಡೆ ಎರಡು ಬದಿಯನ್ನೂ ಬೇರೆಬೇರೆ ನೋಡಲೇಬೇಕು. ಪರೀಕ್ಷಾ ಕೊಠಡಿಯಲ್ಲಿ ಕ್ಯಾಲ್ಕುಲೇಟರ್ ಇಲ್ಲದಿರುವುದರಿಂದ ಅಲ್ಲಿ ಚಿಹ್ನೆಯನ್ನಾದರೂ ತಾಳೆ ನೋಡಿ: ಫಂಕ್ಷನ್ ಏರುತ್ತಿದ್ದರೆ ಡೆರಿವೇಟಿವ್ ಋಣವಾಗಲಾರದು.

ಕಾಲೇಜುಗಳಿಗೂ ಒಂದು ಕೋರಿಕೆ. ಪ್ರಥಮ ಪಿಯು ಭೌತಶಾಸ್ತ್ರದಲ್ಲಿ ವೇಗ, ವೇಗೋತ್ಕರ್ಷದ ಪಾಠ ಆರಂಭದಲ್ಲೇ ಬರುತ್ತದೆ, ಅಲ್ಲಿ ಡೆರಿವೇಟಿವ್ ಬೇಕು. ಗಣಿತ ಪುಸ್ತಕದಲ್ಲಿ ಲಿಮಿಟ್ ಮತ್ತು ಡೆರಿವೇಟಿವ್ ಅಧ್ಯಾಯ ಇರುವುದು ಕೊನೆಯ ಭಾಗದಲ್ಲಿ, ಚೈನ್ ರೂಲ್ ಇರುವುದು ದ್ವಿತೀಯ ಪಿಯುವಿನಲ್ಲಿ. ಕೊಡಗಿನಲ್ಲಿ ಮಳೆ ರಜೆಗಳು ಸೇರಿ ಈ ಅಂತರ ಇನ್ನಷ್ಟು ಹಿಗ್ಗುತ್ತದೆ. ಗಣಿತದವರು ಜೂನ್‌ನಲ್ಲೇ ಪವರ್ ರೂಲ್, ಕೂಡುವ ನಿಯಮ ಎರಡನ್ನು ನಾಲ್ಕು ಪೀರಿಯಡ್‌ನಲ್ಲಿ ಹೇಳಿಬಿಟ್ಟರೆ ಭೌತಶಾಸ್ತ್ರದವರ ಕೆಲಸ ನಡೆಯುತ್ತದೆ. ಪೂರ್ಣ ಪಾಠ ಅದರ ಸಮಯಕ್ಕೇ ಬರಲಿ.

ತಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟು. ಮುಂದಿನ ಬಾರಿ ಸೂತ್ರಪಟ್ಟಿ ಹಾಕುವಾಗ ಪ್ರತಿ ನಿಯಮದ ಪಕ್ಕ ಒಂದು ತಪ್ಪು ಮಾಡಿದ ಲೆಕ್ಕವನ್ನೂ ಹಾಕಿ, ತಪ್ಪು ಯಾವ ಸಾಲಿನಲ್ಲಿದೆ ಎಂದು ಹುಡುಕಲು ಬಿಡಿ. ಉತ್ತರ ಮಾರನೆಯ ದಿನ ಕೊಡಬಹುದು. ಜಾಗ ಸಾಲದಿದ್ದರೆ ಪಟ್ಟಿಯಿಂದ ಟ್ಯಾನ್, ಕಾಟ್, ಸೆಕ್, ಕೋಸೆಕ್ ನಾಲ್ಕನ್ನೂ ತೆಗೆಯಿರಿ. ಟ್ಯಾನ್ ಎಂದರೆ ಸೈನ್/ಕಾಸ್; ಕೋಷೆಂಟ್ ರೂಲ್ ಬಳಸಿದರೆ ಅಂಶದಲ್ಲಿ ಕಾಸ್² + ಸೈನ್² = 1, ಛೇದದಲ್ಲಿ ಕಾಸ್², ಉತ್ತರ ಸೆಕ್². ಉಳಿದ ಮೂರೂ ಹೀಗೇ ಎರಡೆರಡು ಸಾಲಿನಲ್ಲಿ ಬರುತ್ತವೆ.

ತಮ್ಮ ವಿಶ್ವಾಸಿಗಳು,
ಪಿಯು ತರಗತಿಗಳಿಗೆ ಗಣಿತ ಬೋಧಿಸುವ ಕೆಲವರು,
ಮಡಿಕೇರಿ ಮತ್ತು ವಿರಾಜಪೇಟೆ